ಟೊಮೆಟೊ ಬೀಜವನ್ನು ಮುಂದಿನ ಬೆಳೆಗೆ ತೆಗೆದಿಡುವುದು ಹೇಗೆ?

ಪ್ರಶ್ನೆ:
ಕುಂಡಗಳಲ್ಲಿ ಬೆಳೆದ ಎರಡು ಬಗೆಯ ಟೊಮೆಟೊಗಳಿಂದ ಇದೇ ಮೊದಲ ಬಾರಿಗೆ ಬೀಜ ತೆಗೆದಿಡಬೇಕೆಂದಿದ್ದೇನೆ. ಒಂದು, ಪರಿಚಿತರು ವರ್ಷಗಳಿಂದ ಬೀಜ ಕಾಯ್ದುಕೊಂಡು ಬಂದಿರುವ ದಪ್ಪ ಹಣ್ಣಿನ ತಳಿ. ಇನ್ನೊಂದರ ಪೊಟ್ಟಣದ ಮೇಲೆ ‘ಎಫ್1’ ಎಂದು ಮುದ್ರಿಸಿದೆ. ತೊಳೆದು ಒಣಗಿಸಿದರೆ ಸಾಕೆಂದು ಕೆಲವರೂ, ಹುಳಿಸಲೇಬೇಕೆಂದು ಕೆಲವರೂ ಹೇಳುತ್ತಾರೆ. ಗಿಡಗಳು ಅಕ್ಕಪಕ್ಕದಲ್ಲಿಯೇ ಇರುವುದರಿಂದ ತಳಿ ಬೆರೆತಿರಬಹುದೇ ಎಂಬ ಅನುಮಾನವೂ ಇದೆ. ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1:
ಎಫ್1 ಎಂದರೆ ಎರಡು ಬೇರೆ ತಳಿಗಳನ್ನು ಸಂಕರಗೊಳಿಸಿ ಪಡೆದ ಮೊದಲ ಪೀಳಿಗೆ. ಅದರ ಬೀಜವೂ ಚೆನ್ನಾಗಿಯೇ ಮೊಳೆಯುತ್ತದೆ. ಆದರೆ ಹುಟ್ಟುವ ಗಿಡಗಳು ಒಂದರಂತೆ ಇನ್ನೊಂದಿರುವುದಿಲ್ಲ, ಹಣ್ಣಿನ ಗಾತ್ರ, ರುಚಿ, ರೋಗನಿರೋಧಕ ಗುಣ ಯಾವುದಕ್ಕೂ ಭರವಸೆಯಿಲ್ಲ. ಕುತೂಹಲಕ್ಕೆ ಬಿತ್ತಿ ನೋಡಬಹುದು, ಅಷ್ಟೇ. ಬೀಜಕ್ಕೆ ಹಳೆಯ ತಳಿಯನ್ನೇ ಆರಿಸಿಕೊಳ್ಳಿ.

ಬೆರಕೆಯ ಬಗ್ಗೆ ಹೆಚ್ಚು ಚಿಂತಿಸಬೇಕಾಗಿಲ್ಲ. ಟೊಮೆಟೊ ಹೂವಿನಲ್ಲಿ ಪರಾಗ ಬಿಡುವ ಕೇಸರಗಳು ಕೂಡಿಕೊಂಡು ಕೊಳವೆಯಾಗಿ ಶಲಾಕಾಗ್ರವನ್ನು (ಪರಾಗ ಸ್ವೀಕರಿಸುವ ಹೆಣ್ಣು ಭಾಗದ ತುದಿಯನ್ನು) ಸುತ್ತುವರಿದಿರುವುದರಿಂದ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶವೇ, ಅಂದರೆ ಅದೇ ಹೂವಿನ ಪರಾಗದಿಂದಲೇ, ನಡೆಯುತ್ತದೆ. ಶಲಾಕಾಗ್ರ ಹೊರಚಾಚಿರುವ ತಳಿಗಳಲ್ಲಿ ಮಾತ್ರ ಕೀಟಗಳ ಮೂಲಕ ಬೆರಕೆಯಾಗುವ ಸಂಭವ ಹೆಚ್ಚು. ಪೂರ್ಣ ಖಾತ್ರಿ ಬೇಕೆಂದಾದರೆ, ಗೊಂಚಲೊಂದಕ್ಕೆ ಮೊಗ್ಗು ಅರಳುವ ಮುನ್ನವೇ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ಗುರುತಿಗೆ ಒಂದು ದಾರ ಸುತ್ತಿ.

ಉತ್ತರ 2:
ನಾನು ಹುಳಿಸುವವರ ಪಕ್ಷ. ಬೀಜದ ಸುತ್ತಲಿನ ಲೋಳೆಯಲ್ಲಿ ಮೊಳಕೆಯನ್ನು ತಡೆಯುವ ಅಂಶಗಳಿವೆ. ಹಸಿಯಾದ ಹಣ್ಣಿನೊಳಗಿದ್ದೂ ಬೀಜ ಸಾಮಾನ್ಯವಾಗಿ ಮೊಳೆಯದಿರಲು ಅದೂ ಒಂದು ಕಾರಣ. ಚೆನ್ನಾಗಿ ಮಾಗಿದ ಹಣ್ಣನ್ನು ಅಡ್ಡಲಾಗಿ ಕೊಯ್ದು, ಬೀಜವನ್ನು ಲೋಳೆಸಮೇತ ಗಾಜಿನ ಲೋಟಕ್ಕೆ ಹಿಂಡಿ, ತುಸು ನೀರು ಬೆರೆಸಿ, ಬಟ್ಟೆ ಮುಚ್ಚಿ ನೆರಳಿನಲ್ಲಿಡಿ. ದಿನಕ್ಕೊಮ್ಮೆ ಕಲಕಿ. ಬೆಚ್ಚಗಿನ ಜಾಗದಲ್ಲಿ ಎರಡು ಮೂರು ದಿನಗಳಿಗೆ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ. ವಾಸನೆಯಂತೂ ಅಡುಗೆಮನೆಯಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಬೀಜ ಲೋಳೆ ಕಳಚಿಕೊಂಡು ತಳಕ್ಕಿಳಿದ ಕೂಡಲೇ ನಿಲ್ಲಿಸಬೇಕು, ತಡಮಾಡಿದರೆ ಅಲ್ಲಿಯೇ ಮೊಳಕೆಯೊಡೆಯುತ್ತದೆ. ಬಳಿಕ ನೀರು ಹೊಯ್ದು, ತೇಲುವ ಜೊಳ್ಳನ್ನೂ ತಿರುಳನ್ನೂ ಬಗ್ಗಿಸಿ ಚೆಲ್ಲಿ, ಉಳಿದುದನ್ನು ಜರಡಿಯಲ್ಲಿ ತೊಳೆಯಿರಿ. ಕಾಗದದ ಮೇಲೆ ಹರಡಿದರೆ ಅಂಟಿಕೊಳ್ಳುವುದರಿಂದ ಪಿಂಗಾಣಿ ತಟ್ಟೆ ವಾಸಿ. ಬಿಸಿಲಿಗಿಡದೆ, ಗಾಳಿಯಾಡುವಲ್ಲಿ, ಆಗಾಗ ಬೆರಳಿನಿಂದ ಕದಲಿಸುತ್ತಾ ಒಣಗಿಸಬೇಕು.

ಪ್ರಶ್ನಿಸಿದವರು:
ಧನ್ಯವಾದಗಳು. ಹಳೆಯ ತಳಿಯ ಗಿಡಗಳಲ್ಲಿ ಒಂದರ ಎಲೆಗಳು ಹಸಿರು ಹಳದಿ ಮಚ್ಚೆಗಳಾಗಿ ಮುದುಡಿವೆ, ಆದರೆ ಅತಿ ದೊಡ್ಡ ಹಣ್ಣು ಬಿಟ್ಟಿರುವುದೂ ಅದೇ. ಹುಳಿಸಿದರೆ ರೋಗ ಹೋಗುತ್ತದೆಯೇ?

ಉತ್ತರ 3:
ಆ ಗಿಡದ ಬೀಜ ಬೇಡ. ಹುಳಿಸುವುದರಿಂದ ಬೀಜದ ಮೇಲಿನ ಕೆಲವು ರೋಗಾಣುಗಳು ಕಡಿಮೆಯಾಗಬಹುದಾದರೂ ಟೊಮೆಟೊ ಮೊಸಾಯಿಕ್ ನಂಜು (ವೈರಸ್) ಬೀಜದ ಸಿಪ್ಪೆಯ ಮೇಲೆ ಉಳಿದುಕೊಂಡು ಸಸಿಗೆ ದಾಟಬಲ್ಲದು, ಮತ್ತು ನೀವು ಹೇಳಿದ ಲಕ್ಷಣಗಳು ಅದನ್ನೇ ಹೋಲುತ್ತವೆ. ಹುಳಿಸದೆ ಉಜ್ಜಿ ತೊಳೆದ ಬೀಜವೂ ಮೊಳೆಯುತ್ತದೆ. ಈ ವಾದಕ್ಕಿಂತ ಯಾವ ಗಿಡದಿಂದ ಹಣ್ಣು ಕೀಳುತ್ತೀರಿ ಎಂಬುದೇ ನನ್ನ ದೃಷ್ಟಿಯಲ್ಲಿ ಮುಖ್ಯ. ದೊಡ್ಡ ಹಣ್ಣೊಂದನ್ನು ನೋಡಿ ಮರುಳಾಗದೆ, ಇಡೀ ಗಿಡ ಆರೋಗ್ಯವಾಗಿದ್ದು ಕೊನೆಯವರೆಗೂ ಫಸಲು ಕೊಟ್ಟಿದೆಯೇ ಎಂದು ನೋಡಿ.

ಪೂರ್ತಿ ಒಣಗಿದ ಬೀಜವನ್ನು ತಳಿಯ ಹೆಸರು, ವರ್ಷ ಬರೆದ ಕಾಗದದ ಲಕೋಟೆಯಲ್ಲಿ ಹಾಕಿ, ಬಿಗಿಮುಚ್ಚಳದ ಗಾಜಿನ ಭರಣಿಯಲ್ಲಿ ತಂಪಾದ ಕಡೆ ಇಟ್ಟರೆ ನಾಲ್ಕೈದು ವರ್ಷ ಬಾಳುತ್ತದೆ. ಬಿತ್ತನೆಗೆ ಮುನ್ನ ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆಯುತ್ತವೆ ಎಂದು ಎಣಿಸಿ. ಅರ್ಧದಷ್ಟೇ ಮೊಳೆತರೆ ಎರಡರಷ್ಟು ಬೀಜ ಬಿತ್ತಿ.