ಬಟನ್ ಮೇಲೆ ‘ಸೆಟ್’ ಅಂತ ಮಾತ್ರ ಇದೆ. ಕನ್ನಡದಲ್ಲಿ ಏನು ಬರೆಯಲಿ?

ಅನುವಾದದ ಹುಚ್ಚು:

ಒಂದು ಉಚಿತ ಆ್ಯಪ್‌ನ ಪದಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಬಳ ಇಲ್ಲ, ಸುಮ್ನೆ ಆಸೆಗೆ ಮಾಡುವ ಕೆಲಸ. ನಮಗೆ ಆ್ಯಪ್ ಕಾಣಿಸುವುದಿಲ್ಲ. ಎಡಗಡೆ ಇಂಗ್ಲಿಷ್ ಸಾಲು, ಬಲಗಡೆ ಖಾಲಿ ಜಾಗ, ಅಷ್ಟೇ. ಉದ್ದ ವಾಕ್ಯಗಳೆಲ್ಲ ಸಲೀಸಾಗಿ ಮುಗಿದವು. ಸಿಕ್ಕಿಹಾಕಿಕೊಂಡಿದ್ದು ‘ಸೆಟ್’ ಅನ್ನುವ ಒಂಟಿ ಪದದಲ್ಲಿ. ಹಿಂದೆ ಮುಂದೆ ಏನೂ ಇಲ್ಲ.

‘ಹೊಂದಿಸಿ’ ಅಂತ ಬರೆಯೋಣ ಅಂದುಕೊಂಡೆ. ಆದರೆ ಅದು ಯಾವುದೋ ಗುಂಪಿನ ಹೆಸರಾಗಿದ್ದರೆ? ಹೊಂದಿಸಿ ಆಗಿದೆ ಅಂತ ಹೇಳುತ್ತಿದ್ದರೆ? ನಿಘಂಟು ತೆಗೆದರೆ ಪಟ್ಟಿ ಮುಗಿಯುವುದೇ ಇಲ್ಲ. ಅಲಾರಂ ಇಡುವುದೂ ಸೆಟ್, ಸೂರ್ಯ ಮುಳುಗುವುದೂ ಸೆಟ್, ಸಿಮೆಂಟ್ ಬಿಗಿಯುವುದೂ ಸೆಟ್, ಟೆನಿಸ್‌ನಲ್ಲಿ ಆರು ಗೇಮ್ ಗೆದ್ದರೆ ಸಿಗುವುದೂ ಸೆಟ್. ಇವಕ್ಕೆಲ್ಲ ಒಂದು ಬೇರು ಅಂತ ಇದೆಯಾ? ಇಲ್ಲಾ ಒಂದೊಂದನ್ನೂ ಬಾಯಿಪಾಠ ಮಾಡಬೇಕಾ?

ಹಳೇ ಪ್ರೂಫ್ ರೀಡರ್:

ನೀವು ಒಳ್ಳೇ ಪದಕ್ಕೇ ಸಿಕ್ಕಿಬಿದ್ದಿದ್ದೀರಿ ಬಿಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 1989ರಲ್ಲಿ 20 ಸಂಪುಟಗಳಲ್ಲಿ ಬಂತು. ಅದರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಈ ಕ್ರಿಯಾಪದದ್ದೇ. 430 ಅರ್ಥ, ಸುಮಾರು 60,000 ಪದಗಳ ವಿವರಣೆ. ಅಷ್ಟರಲ್ಲಿ ಒಂದು ಕಾದಂಬರಿ ಬರೆಯಬಹುದು! ಮುಂದೆ ನಿಘಂಟನ್ನು ಪರಿಷ್ಕರಿಸುತ್ತಾ ಹೋದಾಗ ‘ರನ್’ ಇದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ ಕೊಟ್ಟರು. ನನಗೆ ಈ ಲೆಕ್ಕಗಳ ಮೇಲೆ ಅಷ್ಟೊಂದು ಗೌರವ ಇಲ್ಲ. ಒಂದು ಅರ್ಥವನ್ನು ಎಷ್ಟು ಸಣ್ಣಗೆ ಸೀಳುತ್ತೀರಿ ಅನ್ನುವುದರ ಮೇಲೆ ಸಂಖ್ಯೆ ಏರುತ್ತದೆ, ಇಳಿಯುತ್ತದೆ.

ನಿಮಗೆ ಬೇಕಾದದ್ದು ಬೇರು ತಾನೇ? ಅದು ಕನ್ನಡದವರಿಗೆ ಇಂಗ್ಲಿಷಿನವರಿಗಿಂತ ಬೇಗ ಹೊಳೆಯುತ್ತದೆ. ನಮ್ಮಲ್ಲಿ ಕೂರು–ಕೂರಿಸು, ಬೀಳು–ಬೀಳಿಸು, ಕುಡಿ–ಕುಡಿಸು ಇವೆಯಲ್ಲ, ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ಅಂಥ ಜೋಡಿಗಳು ಇದ್ದವು. ನಾವು ಕೊನೆಗೆ ‘ಇಸು’ ಸೇರಿಸುತ್ತೇವೆ. ಅವರು ಒಳಗಿನ ಸ್ವರ ಬದಲಾಯಿಸುತ್ತಿದ್ದರು. ‘ಸಿಟ್’ ಅಂದರೆ ಕೂರು, ‘ಸೆಟ್’ ಅಂದರೆ ಕೂರಿಸು. ‘ಫಾಲ್’ ಬೀಳು, ‘ಫೆಲ್’ ಬೀಳಿಸು. ಮರ ಕಡಿದು ಉರುಳಿಸುವುದಕ್ಕೆ ಈಗಲೂ ‘ಫೆಲ್’ ಅನ್ನುತ್ತಾರೆ. ‘ಡ್ರಿಂಕ್’ ಕುಡಿ, ‘ಡ್ರೆಂಚ್’ ಕುಡಿಸು. ಈಗ ಅದಕ್ಕೆ ತೊಯ್ಯಿಸು ಅನ್ನುವ ಅರ್ಥವೇ ಜಾಸ್ತಿ, ಆದರೆ ದನಕರುಗಳಿಗೆ ಔಷಧಿ ಕುಡಿಸುವವರ ಬಾಯಲ್ಲಿ ಹಳೆಯ ಅರ್ಥವೂ ಉಳಿದಿದೆ.

ಈಗ ಕೂರಿಸು ಅನ್ನುವುದನ್ನು ಇಟ್ಟುಕೊಂಡು ನಿಮ್ಮ ಪಟ್ಟಿ ನೋಡಿ. ಉಂಗುರಕ್ಕೆ ಹರಳು ‘ಸೆಟ್’ ಮಾಡುತ್ತಾರೆ. ನಾವೂ ಹರಳು ಕೂರಿಸುತ್ತೇವೆ. ಮುರಿದ ಮೂಳೆ ‘ಸೆಟ್’ ಮಾಡುತ್ತಾರೆ. ನಾವೂ ಮೂಳೆ ಕೂರಿಸುತ್ತೇವೆ. ಯಾರೂ ಯಾರಿಂದಲೂ ಕದ್ದಿಲ್ಲ. ಅಲಾರಂ ಮುಳ್ಳನ್ನು ಒಂದು ಗಂಟೆಯ ಮೇಲೆ ಕೂರಿಸಿದರೆ ಅಲಾರಂ ‘ಸೆಟ್’ ಆಯಿತು. ಸೂರ್ಯನದ್ದಂತೂ ಚೆನ್ನಾಗಿದೆ. ಹಳೇ ಇಂಗ್ಲಿಷಿನಲ್ಲಿ ಸೂರ್ಯ ತನ್ನ ಆಸನಕ್ಕೆ ಹೋಗುವುದು ಅನ್ನುವ ಅರ್ಥದ ಪದವೇ ಸಂಜೆಯ ಹೊತ್ತಿಗೆ ಇತ್ತು. ನಮ್ಮ ಸೂರ್ಯ ಮುಳುಗುತ್ತಾನೆ, ಅವರವನು ಕೂರುತ್ತಾನೆ.

ಸಿಮೆಂಟ್ ವಿಷಯದಲ್ಲಿ ಮಾತ್ರ ಹುಷಾರು. ಎಂಜಿನಿಯರಿಂಗ್ ಪುಸ್ತಕವೊಂದರ ಅನುವಾದದ ಪ್ರೂಫ್ ನನ್ನ ಕೈಗೆ ಬಂದಿತ್ತು. ‘ಸೆಟಿಂಗ್’ ಮತ್ತು ‘ಹಾರ್ಡನಿಂಗ್’ ಎರಡಕ್ಕೂ ಅನುವಾದಕರು ‘ಗಟ್ಟಿಯಾಗುವುದು’ ಅಂತಲೇ ಬರೆದಿದ್ದರು. ಅವು ಎರಡು ಬೇರೆ ಘಟ್ಟಗಳು. ಕಲಸಿದ ಸಿಮೆಂಟ್ ಕೆಲವೇ ಗಂಟೆಗಳಲ್ಲಿ ಹರಿಯುವ ಗುಣ ಕಳೆದುಕೊಂಡು ಬಿಗಿಯುತ್ತದೆ. ಅದು ‘ಸೆಟ್’. ಬಲ ಬರುವುದು ಆಮೇಲೆ, ನಿಧಾನಕ್ಕೆ. ಅದಕ್ಕೇ ಕಾಂಕ್ರೀಟಿನ ಬಲವನ್ನು ಸಾಮಾನ್ಯವಾಗಿ 28 ದಿನಕ್ಕೆ ಪರೀಕ್ಷೆ ಮಾಡುವುದು. ‘ಬಿಗಿಯುವುದು’, ‘ಬಲಿಯುವುದು’ ಅಂತ ತಿದ್ದಿ ಕಳಿಸಿದೆ. ಆ ತಿದ್ದುಪಡಿ ಇವತ್ತಿಗೂ ನನಗೆ ಇಷ್ಟ.

ಗಣಿತ ಮೇಷ್ಟ್ರು:

ಹರಳು, ಮೂಳೆ ಎಲ್ಲ ಸರಿ. ಆದರೆ ನಮ್ಮ ‘ಸೆಟ್’ ಅನ್ನು ಯಾರು ಎಲ್ಲಿ ಕೂರಿಸಿದರು ಸಾರ್? ಕನ್ನಡ ಪಠ್ಯಗಳಲ್ಲಿ ಅದಕ್ಕೆ ‘ಗಣ’ ಅನ್ನುತ್ತೇವೆ. ಇದರ ಸಿದ್ಧಾಂತ ಶುರುವಾಗಿದ್ದು 1874ರ ಜಾರ್ಜ್ ಕ್ಯಾಂಟರ್ ಲೇಖನದಿಂದ ಅಂತ ಹೇಳುವುದು ರೂಢಿ. ಅವರು ಜರ್ಮನ್‌ನಲ್ಲಿ ಬರೆದವರು. ಅಲ್ಲಿ ಈ ವಸ್ತುವಿಗೆ ಹೆಸರು ‘ಮೆಂಗೆ’. ಅದಕ್ಕೂ ಕೂರುವುದಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ತಕರಾರು. ಸಾಮಾನ್ಯ ಇಂಗ್ಲಿಷಿನಲ್ಲಿ ಚದುರಂಗದ ಕಾಯಿಗಳ ‘ಸೆಟ್’ ಅಂದರೆ ಅದರಲ್ಲಿ 16 ಪದಾತಿ ಇರಲೇಬೇಕು, ಒಂದು ಕಳೆದರೂ ಸೆಟ್ ಮುರಿಯಿತು. ಗಣಿತದಲ್ಲಿ ಹಾಗಿಲ್ಲ. ಏನೂ ಇಲ್ಲದ್ದೂ ಒಂದು ಗಣವೇ, ಅದು ಶೂನ್ಯ ಗಣ. ಒಂದೇ ಅಂಶವನ್ನು ಎರಡು ಸಲ ಬರೆದರೂ ಲೆಕ್ಕಕ್ಕೆ ಒಂದೇ. ಕ್ರಮವೂ ಮುಖ್ಯ ಅಲ್ಲ. ಮಕ್ಕಳಿಗೆ ‘ಸೆಟ್ ಅಂದ್ರೆ ಪೂರ್ತಿ ಇರೋದು’ ಅನ್ನುವ ಭಾವನೆ ತಲೆಯಲ್ಲಿ ಇರುತ್ತದೆ. ಅದನ್ನು ಬಿಡಿಸುವುದೇ ನಮಗೆ ಮೊದಲ ವಾರದ ಕೆಲಸ.

ಹಳೇ ಪ್ರೂಫ್ ರೀಡರ್:

ಮೇಷ್ಟ್ರೇ, ನಿಮ್ಮದು ನ್ಯಾಯವಾದ ಪ್ರಶ್ನೆ. ಗುಂಪು ಅನ್ನುವ ಅರ್ಥದ ‘ಸೆಟ್’ ಬೇರೆಯದೇ ಪದ. ಬೇರೆ ಬೇರೆ ಊರಿನಿಂದ ಬಂದ ಇಬ್ಬರಿಗೆ ಒಂದೇ ಹೆಸರಿದ್ದ ಹಾಗೆ. ಕೂರಿಸುವ ‘ಸೆಟ್’ ಇಂಗ್ಲಿಷಿನ ಸ್ವಂತದ್ದು. ಗುಂಪಿನ ‘ಸೆಟ್’ ಹಳೇ ಫ್ರೆಂಚ್ ಮೂಲಕ ಲ್ಯಾಟಿನ್‌ನಿಂದ ಬಂದದ್ದು. ಒಬ್ಬರ ಹಿಂದೆ ನಡೆಯುವವರು ಅನ್ನುವ ಅರ್ಥದ ಮೂಲ ಅದಕ್ಕೆ. ಪಂಥ ಅನ್ನುವ ಅರ್ಥದ ‘ಸೆಕ್ಟ್’ ಅದರ ಒಡಹುಟ್ಟು.

ತಮಾಷೆ ಏನಂದರೆ ಎರಡೂ ಒಂದೇ ಥರ ಕೇಳಿಸುತ್ತಿದ್ದರಿಂದ ಕ್ರಮೇಣ ಬೆರೆತುಹೋದವು. ನಾಟಕದ ‘ಸೆಟ್’ ನೋಡಿ. ರಂಗದ ಮೇಲೆ ನಿಲ್ಲಿಸಿದ್ದು ಅನ್ನುವ ಕ್ರಿಯೆಯಿಂದ ಬಂತು. ಆದರೆ ನೋಡುವವರಿಗೆ ಅದು ಗೋಡೆ, ಬಾಗಿಲು, ಕುರ್ಚಿಗಳ ಗುಂಪೂ ಹೌದಲ್ವಾ?

ನನಗೆ ಇದಕ್ಕಿಂತ ಭಯ ಹುಟ್ಟಿಸುವುದು ಪಕ್ಕದಲ್ಲಿ ಬಂದು ಸೇರುವ ಚಿಕ್ಕ ಪದಗಳು. ‘ಸೆಟ್ ಅಸೈಡ್’ ತೆಗೆದುಕೊಳ್ಳಿ. ಹಣವನ್ನು ಹಾಗೆ ಮಾಡಿದರೆ ಮುಂದಿನ ಖರ್ಚಿಗೆ ಅಂತ ಎತ್ತಿಟ್ಟರು. ಮೇಲಿನ ನ್ಯಾಯಾಲಯ ಕೆಳಗಿನ ತೀರ್ಪನ್ನು ಹಾಗೆ ಮಾಡಿದರೆ ರದ್ದು ಮಾಡಿತು. ಒಂದರಲ್ಲಿ ಉಳಿಯಿತು, ಇನ್ನೊಂದರಲ್ಲಿ ಹೋಯಿತು. ತೀರ್ಪನ್ನು ‘ಬದಿಗಿಟ್ಟಿತು’ ಅಂತ ಅನುವಾದ ಮಾಡಿದರೆ ಓದುಗರು ಆಮೇಲೆ ನೋಡುತ್ತಾರೇನೋ ಅಂತ ಕಾಯುತ್ತಾ ಕೂರುತ್ತಾರೆ. ‘ಸೆಟ್ ಆಫ್’ ಅಂದರೆ ಪಯಣ ಹೊರಡುವುದು, ಪಟಾಕಿ ಸಿಡಿಸುವುದು, ಲೆಕ್ಕಪತ್ರದಲ್ಲಿ ಒಂದು ಬಾಕಿಯನ್ನು ಇನ್ನೊಂದಕ್ಕೆ ವಜಾ ಹಾಕಿಕೊಳ್ಳುವುದು. ‘ಸೆಟ್ ಇನ್’ ಅಂತ ಮಳೆಗೆ ಹೇಳಿದರೆ ಮಳೆ ಹಿಡಿಯಿತು. ಇಲ್ಲಿ ಬೇರು ಹುಡುಕಿ ಪ್ರಯೋಜನ ಇಲ್ಲ. ಏನನ್ನು, ಯಾರು, ಯಾವ ಕ್ಷೇತ್ರದಲ್ಲಿ ಅಂತ ನೋಡಿ ಕನ್ನಡದಲ್ಲಿ ಆ ಕೆಲಸಕ್ಕೆ ಏನನ್ನುತ್ತಾರೋ ಅದನ್ನು ಬರೆಯಬೇಕು. ಹೂ ಉದುರಿ ಕಾಯಿ ನಿಲ್ಲುವುದಕ್ಕೆ ತೋಟಗಾರಿಕೆಯವರು ‘ಫ್ರೂಟ್ ಸೆಟ್’ ಅನ್ನುತ್ತಾರೆ. ‘ಹಣ್ಣು ಹೊಂದಿಕೆ’ ಅಂತ ಬರೆದವರನ್ನು ನೋಡಿದ್ದೇನೆ. ಕಾಯಿ ಕಟ್ಟುವುದು ಅನ್ನುವ ಮಾತು ನಮ್ಮಲ್ಲಿ ಇರಲಿಲ್ಲವಾ?

ಕೋಡ್ ಬರೆಯುವವಳು:

ಇಬ್ಬರು ಹಿರಿಯರೂ ಬಟನ್ ಮರೆತೇಬಿಟ್ಟಿರಿ.

ಆ್ಯಪ್‌ನಲ್ಲಿ ಈ ಒಂಟಿ ಪದ ಸಾಮಾನ್ಯವಾಗಿ ಮೂರು ಥರ ಬರುತ್ತದೆ. ಬಟನ್ ಆಗಿದ್ದರೆ ಅದು ಆಜ್ಞೆ. ಸಮಯಕ್ಕೋ ಮಿತಿಗೋ ಆದರೆ ‘ನಿಗದಿಪಡಿಸಿ’, ಗೋಡೆಚಿತ್ರಕ್ಕಾದರೆ ‘ಇರಿಸಿ’ ಸಾಕು. ಸ್ಥಿತಿ ಹೇಳುವ ಜಾಗದಲ್ಲಿದ್ದರೆ ‘ನಿಗದಿಯಾಗಿದೆ’. ಹತ್ತಿರದಲ್ಲೇ ‘ನಾಟ್ ಸೆಟ್’ ಅನ್ನುವ ಸಾಲೂ ಇದ್ದರೆ ಬಹುಮಟ್ಟಿಗೆ ಇದೇ. ಇನ್ನು ಹೆಸರಾಗಿದ್ದರೆ ಗುಂಪು ಅಥವಾ ಕಂತೆ. ವ್ಯಾಯಾಮದ ಆ್ಯಪ್ ಆಗಿದ್ದರೆ ಮಾತ್ರ ‘ಸೆಟ್’ ಅಂತಲೇ ಬಿಡಿ, ದಂಡ ಹೊಡೆಯುವವರೆಲ್ಲ ಹಾಗೇ ಹೇಳುವುದು.

ಕಡತದ ಹೆಸರು ‘ಪಿಒ’ ಅಂತ ಮುಗಿಯುತ್ತಿದ್ದರೆ ಪದದ ಮೇಲಿನ ಸಾಲು ನೋಡಿ. ಆ್ಯಪ್‌ನ ಪದಗಳನ್ನು ಅನುವಾದಕ್ಕೆ ಅಂತ ಬೇರೆ ಕಡತದಲ್ಲಿ ಇಡುವ ಗೆಟ್‌ಟೆಕ್ಸ್ಟ್ ವ್ಯವಸ್ಥೆಯಲ್ಲಿ ‘ಎಂಎಸ್‌ಜಿಸಿಟಿಎಕ್ಸ್‌ಟಿ’ ಅನ್ನುವ ಗುರುತು ಇದೆ. ಒಂದೇ ಇಂಗ್ಲಿಷ್ ಪದ ಎರಡು ಕಡೆ ಎರಡು ಅರ್ಥದಲ್ಲಿ ಬಂದರೆ ಬೇರೆ ಮಾಡಿ ತೋರಿಸಲಿಕ್ಕೇ ಅದು ಇರುವುದು. ಕೋಡ್ ಬರೆದವರು ಅದನ್ನು ಹಾಕಿಲ್ಲದಿದ್ದರೆ ಸೋಮಾರಿತನ ಅವರದ್ದು, ನೀವು ಊಹೆ ಮಾಡಬೇಡಿ. ಇಂಗ್ಲಿಷಿನಲ್ಲಿ ಆಜ್ಞೆ, ಭೂತಕಾಲ, ಆಗಿರುವ ಸ್ಥಿತಿ ಎಲ್ಲಕ್ಕೂ ಈ ಪದ ಒಂದೇ ರೂಪದಲ್ಲಿ ನಿಲ್ಲುತ್ತದೆ. ಅದಕ್ಕೇ ಅವರಿಗೆ ಸಮಸ್ಯೆಯೇ ಕಾಣುವುದಿಲ್ಲ.

ಅನುವಾದದ ಹುಚ್ಚು:

ಮೇಲಿನ ಸಾಲು ನೋಡಿದೆ. ಗುರುತು ಇಲ್ಲ, ಆದರೆ ಯಾವ ಕಡತದಿಂದ ಬಂತು ಅನ್ನುವ ಟಿಪ್ಪಣಿ ಇದೆ. ಅದರಲ್ಲಿ ‘ಟೈಮರ್’ ಅಂತ ಕಾಣುತ್ತಿದೆ. ಹಾಗಾದರೆ ‘ನಿಗದಿಪಡಿಸಿ’ ಸರಿಹೋಗುತ್ತದಾ? ಬಟನ್ ಚಿಕ್ಕದಿದ್ದರೆ ಇಷ್ಟುದ್ದ ಹಿಡಿಸುತ್ತದೋ ಇಲ್ಲವೋ.

ಕೋಡ್ ಬರೆಯುವವಳು:

ಟೈಮರ್ ಅಂದಮೇಲೆ ಬಟನ್ ಆಗಿರುವ ಸಾಧ್ಯತೆಯೇ ಜಾಸ್ತಿ. ಆದರೂ ‘ಇದು ಬಟನ್ನಾ, ಸ್ಥಿತಿಯಾ’ ಅಂತ ಅವರಿಗೆ ಒಂದು ಸಾಲು ಬರೆದು ಕೇಳಿ, ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಬಟನ್ನೇ ಆಗಿ, ಜಾಗ ಸಾಲದಿದ್ದರೆ ‘ಇಡಿ’ ಅಂತ ಬರೆಯಿರಿ. ಅಲಾರಂ ಇಡುತ್ತೇವೆ, ಟೈಮರ್ ಯಾಕೆ ಇಡಬಾರದು?

ಹಳೇ ಪ್ರೂಫ್ ರೀಡರ್:

‘ಇಡಿ’ಗೆ ನನ್ನ ಒಪ್ಪಿಗೆ. ಆದರೆ ಪಕ್ಕದಲ್ಲೇ ‘ರೀಸೆಟ್’ ಬಟನ್ ಇದ್ದೇ ಇರುತ್ತದೆ. ಅದಕ್ಕೆ ‘ಮತ್ತೆ ಇಡಿ’ ಅಂತ ಬರೆಯಬೇಡಿ. ಟೈಮರ್‌ನಲ್ಲಿ ಅದು ಮೊದಲಿನ ಸ್ಥಿತಿಗೆ ತರುವ ಬಟನ್. ‘ಮೊದಲಿನಂತೆ ಮಾಡಿ’ ಅನ್ನಿ.