ಜೋಳಕ್ಕ ಹುಳ: ಎರಡು ಸಲ ಒಣಗಿಸಿದ್ರೂ ನಿಂದ್ರವಲ್ದು

ಮಾನ್ವಿ_ಎರಿಹೊಲ:
ತಲಿ ಕೆಟ್ಟು ಹೋಗೈತ್ರಿ. ಮನಿಗಂತ ಇಟ್ಟ 12 ಚೀಲ ಮಾಲದಂಡಿ ಜೋಳ. ಎರಡು ಸಲ ಬಿಸಿಲಿಗೆ ಹಾಕಿ, ಸಾಣಗಿ ಹಿಡಿದು, ಬೇವಿನ ತಪ್ಪಲ ಹಾಕಿ ಕಟ್ಟೀನಿ. ತಿಂಗಳು ತುಂಬೂದ್ರಾಗ ಮತ್ತ ಹುಳ. ಚೀಲದಾಗ ಕೈ ಹಾಕಿದ್ರ ಮೊಣಕೈ ತನಕ ಹಿಟ್ಟು ಹತ್ತತೈತಿ. ರೊಟ್ಟಿ ಬಡಿಯಾಕ ಕುಂತ್ರ ಜಿಗಿನೇ ಇಲ್ಲ ಅಂತ ಅವ್ವ ದಿನಾ ಬೈತಾಳ. ಏನು ಹಾಕ್ಲಿ, ಲಗೂನ ಹೇಳ್ರಿ.

ಸಿಂಧನೂರು_ಸೋನಾ:
ತೇವಾಂಶ. ಬ್ಯಾರೆ ಮಾತೇ ಇಲ್ಲ. ಒಣಗಿದ ಗಾಜಿನ ಬಾಟ್ಲಿಗೆ ಜೋಳ, ಒಣ ಉಪ್ಪು ಹಾಕಿ ಅಲ್ಲಾಡ್ಸ್ರಿ. ಉಪ್ಪು ಗಾಜಿಗೆ ಹತ್ತಿದ್ರ ಶೇ. 15 ದಾಟೈತಿ ಅಂತ ಲೆಕ್ಕ.

ಮಾನ್ವಿ_ಎರಿಹೊಲ:
ಮಾಡಿದೆ. ಹತ್ತಲಿಲ್ಲ. ಹಲ್ಲಾಗ ಕಡದ್ರ ಕಟಕ್ ಅಂತೈತಿ.

ಸಿಂಧನೂರು_ಸೋನಾ:
15 ಇಲ್ಲ ಅಷ್ಟ ಗೊತ್ತಾತು. 13 ಇದ್ರೂ ಹುಳ ಬೀಳ್ತಾವ. ಚೀಲ ನೆಲಕ್ಕ ಇಟ್ಟೀರೇನು? ಗ್ವಾಡಿಗೆ ಹಚ್ಚೀರೇನು? ನಮ್ಮ ಗೋದಾಮಿನ್ಯಾಗ ಕಟ್ಟಿಗಿ ಹಲಗಿ ಮ್ಯಾಲ ನಿಟ್ಟು, ಗ್ವಾಡಿಗೆ ಎರಡು ಅಡಿ ಬಿಟ್ಟು. ಒಂದು ಹುಳ ತೋರಸ್ರಿ ನೋಡೋಣ.

ಗಂಗಾವತಿ_ಮಿಲ್:
ಗುಳಿಗಿ ಹಾಕಿ ತಾಡಪಾಲ ಹೊದಿಸ್ರಿ, ಮುಗೀತು. ಇಷ್ಟಕ್ಕ ಬಾಟ್ಲಿ ಉಪ್ಪು ಅಂತ ಆಟ ಹಚ್ಚೀರಿ.

ಬಳ್ಳಾರಿ_ಕೆಂಪುಮಣ್ಣು:
ಅಣ್ಣಾ, ಅವರು ಹೇಳ್ತಿರೋದು ಮನೆ ಜೋಳ. ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗ್ತಾರೆ. ಆ ಗುಳಿಗೆಯಿಂದ ಬರೋ ಫಾಸ್ಫೀನ್ ಗ್ಯಾಸಿಗೆ ಮದ್ದೇ ಇಲ್ಲ. ಅದು ಗೋದಾಮಿಗೆ, ತರಬೇತಿ ಆದವರ ಕೈಗೆ ಮಾತ್ರ. ಮನೆಯೊಳಗೆ ಒಂದೂ ಬೇಡ.

ಗಂಗಾವತಿ_ಮಿಲ್:
ಇಪ್ಪತ್ತು ವರ್ಷದಿಂದ ಹಾಕಾಕತ್ತೀವಿ. ನಮಗೇನಾಗೇತಿ?

ಬಳ್ಳಾರಿ_ಕೆಂಪುಮಣ್ಣು:
ನಿಮ್ಮ ಮಿಲ್ಲಿನಲ್ಲಿ ಯಾರೂ ಮಲಗಲ್ಲವಲ್ಲ.

ಯಲಬುರ್ಗಾ_ಹಗೇವು:
ಇವೆಲ್ಲಾ ಈಗಿನ ಕಾಲದ ತ್ರಾಸು. ನಮ್ಮ ಮುತ್ಯಾ ಹಗೇವಿನ್ಯಾಗ, ಅಂದ್ರ ನೆಲದಾಗ ತೋಡಿದ ಕಾಳಿನ ಗುಂಡ್ಯಾಗ, ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತಿಬಿಟ್ರ ಗಾಳಿ ಅಂಬೋದು ಆಡ್ತಿದ್ದಿಲ್ಲ, ಹುಳ ಎಲ್ಲಿಂದ ಬರಬೇಕು? ತೆಗೆಯೋ ದಿವಸ ಬಾಯಿ ತೆರೆದಿಟ್ಟು, ಸಂಜಿಮುಂದ ಕಂದೀಲು ಇಳಿಬಿಟ್ಟು ನೋಡ್ತಿದ್ರು. ಕಂದೀಲು ಆರಿದ್ರ ಯಾರೂ ಇಳೀತಿದ್ದಿಲ್ಲ.

ಸಿಂಧನೂರು_ಸೋನಾ:
ಹಗೇವಿನ ತಳದ ಜೋಳ ಮುಗ್ಗು ವಾಸನಿ ಹೊಡೀತಿತ್ತು, ಅದನ್ನ್ಯಾಕ ಹೇಳವಲ್ರಿ? ಅಂದ್ರ ಮತ್ತ ತೇವಾಂಶಕ್ಕ ಬಂತು ನೋಡ್ರಿ ಮಾತು.

ಕುಷ್ಟಗಿ_ಸಜ್ಜಿ:
ಯಾರೂ ಹುಳ ಯಾವುದು ಅಂತ ಕೇಳಲೇ ಇಲ್ಲಲ್ರಿ. ಬಿಳಿ ತಾಟಿನ್ಯಾಗ ನಾಲ್ಕು ಹುಳ ಬಿಟ್ಟು ನೋಡ್ರಿ. ಮುಂದ ಆನಿಗಿದ್ದಂಗ ಸೊಂಡಿ ಐತೇನು?

ಮಾನ್ವಿ_ಎರಿಹೊಲ:
ಸೊಂಡಿ ಇಲ್ರಿ. ಸಣ್ಣದು, ಉದ್ದಕ, ಕಂದು ಬಣ್ಣ. ಮ್ಯಾಲಿಂದ ನೋಡಿದ್ರ ತಲಿನೇ ಕಾಣವಲ್ದು, ಕುತ್ತಿಗಿ ಕೆಳಗ ಮಡಿಚಿಟ್ಕೊಂಡಂಗ ಐತಿ. ಆಜೂಬಾಜೂದವರ ಕಡೆ ತೇವಾಂಶ ಅಳಿಯೋ ಮೀಟರ್ ಇತ್ತು, 10 ತೋರಿಸ್ತು.

ಸಿಂಧನೂರು_ಸೋನಾ:
ಮೀಟರ್ ಸುಳ್ಳು ಹೇಳ್ತೈತಿ.

ಕುಷ್ಟಗಿ_ಸಜ್ಜಿ:
ಮೀಟರ್ ಖರೇನ ಹೇಳೈತಿ. ಸೊಂಡಿ ಇದ್ದ ನುಸಿಗೆ ಕಾಳು ತುಸು ಹಸಿ ಇರಬೇಕು. ಇದು ಕಾಳು ಕೊರಕ ಹುಳ, ಒಣ ಕಾಳಿನ್ಯಾಗೂ ಸಂಸಾರ ಹೂಡತೈತಿ. ತಿನ್ನೋದಕ್ಕಿಂತ ಪುಡಿ ಮಾಡೋದ ಜಾಸ್ತಿ, ಅದಕ್ಕ ಆ ಹಿಟ್ಟು. ಬಿಸಿಲಿಗೆ ಹಾಕಿದ್ರ ದೊಡ್ಡವು ಓಡತಾವ, ಕಾಳಿನೊಳಗಿನ ಮರಿ ಉಳೀತಾವ, ತಿಂಗಳಿಗೆ ಅವೇ ಹೊರಗ ಬರ್ತಾವ. ಇರಲಿ, ಚೀಲ ಹೊಸಾವೇನು?

ಮಾನ್ವಿ_ಎರಿಹೊಲ:
ಹ್ವಾದ ವರ್ಷದವು, ಝಾಡಿಸಿ ತುಂಬೀನಿ. ಮೂಲ್ಯಾಗ ಅರ್ಧ ಚೀಲ ಹಳೇ ಜೋಳ ಐತಿ, ಕೋಳಿಗಂತ ಬಿಟ್ಟೀನಿ. ಅದಕ್ಕೂ ಇದಕ್ಕೂ ಏನ್ ಸಂಬಂಧ?

ಕುಷ್ಟಗಿ_ಸಜ್ಜಿ:
ಯಪ್ಪಾ! ಇದನ್ನ ಮೊದಲ ಹೇಳಬಾರದೇನ್ರಿ? ಆ ಅರ್ಧ ಚೀಲ ಇವತ್ತ ಹೊರಗ ಹಾಕ್ರಿ. ಹಳೇ ಚೀಲ ಕುದಿಯೋ ನೀರಾಗ ಅದ್ದಿ ಒಣಗಸ್ರಿ, ಹೊಲಿಗಿ ಸಂದ್ಯಾಗ ಕುಂತಿರ್ತಾವ. ಖೋಲಿ ಬಿರುಕಿಗೆ ಸಿಮೆಂಟ್ ಮೆತ್ರಿ. ಆಮ್ಯಾಲ ಗಾಳಿ ಹೋಗದ ಪ್ಲಾಸ್ಟಿಕ್ ಒಳಚೀಲದಾಗ ಗಟ್ಟಿ ತುಂಬಿ, ಬಾಯಿ ತಿರುವಿ ಕಟ್ರಿ. ಒಳಗಿನ ಗಾಳಿ ತೀರಿದ್ರ ಹುಳ ತಾವ ಸಾಯ್ತಾವ.

ಗಂಗಾವತಿ_ಮಿಲ್:
ಆ ಹುಳ ಪ್ಲಾಸ್ಟಿಕ್ಕೂ ಕೊರೀತಾವ. ರೊಕ್ಕ ನೀರಾಗ.

ಕುಷ್ಟಗಿ_ಸಜ್ಜಿ:
ಕೊರೀತಾವ, ಇಲ್ಲನ್ನಂಗಿಲ್ಲ. ಅದಕ್ಕ ಮೊದಲ ಸಾಣಗಿ ಹಿಡೀರಿ, ಎರಡು ಪದರ ಹಾಕ್ರಿ, ನಡುವ ಬಾಯಿ ಬಿಚ್ಚಬ್ಯಾಡ್ರಿ. ದಿನದ ರೊಟ್ಟಿಗೆ ಒಂದು ಚೀಲ ಬ್ಯಾರೇನ ಇಡ್ರಿ.

ಯಲಬುರ್ಗಾ_ಹಗೇವು:
ಅದ ಹಗೇವು ಆತಲ್ಲಪಾ, ಪ್ಲಾಸ್ಟಿಕ್ಕಿಂದು!

ದೇವದುರ್ಗ_ತೊಗರಿ:
ನಡುವ ಬಾಯಿ ಹಾಕ್ತೀನಿ, ತಪ್ಪು ತಿಳೀಬ್ಯಾಡ್ರಿ. ನನ್ನ ತೊಗರಿ ಕಾಳಿನ ಮ್ಯಾಲ ಬಿಳೇ ಚುಕ್ಕಿ ಹತ್ಯಾವ, ಒಂದೊಂದಕ್ಕ ದುಂಡಗ ತೂತು. ಇದೂ ಅದೇ ಹುಳೇನು?

ಕುಷ್ಟಗಿ_ಸಜ್ಜಿ:
ಅಲ್ಲ, ಅದು ಬ್ಯಾಳಿಕಾಳಿನ ಹುಳ. ಚುಕ್ಕಿ ಅಂದ್ರ ಅದರ ತತ್ತಿ. ಹೊಲದಾಗ ಕಾಯಿ ಮ್ಯಾಲ ಇಟ್ಟು ಕಾಳಿನ ಜೋಡಿ ಮನಿಗೆ ಬರತೈತಿ. ತೂತು ಕಡಿಮಿ ಇದ್ರ ಲಗೂನ ಬ್ಯಾಳಿ ಒಡಿಸಿಬಿಡ್ರಿ. ಬೀಜಕ್ಕಂತ ಇಟ್ಟದ್ದಾದ್ರ ಹೊಸ ವಿಷಯ ಹಾಕ್ರಿ, ಇಲ್ಲಿ ಗೊಂದಲ ಆಗತೈತಿ.

ಮಾನ್ವಿ_ಎರಿಹೊಲ:
ಕೋಳಿ ಜೋಳ ಹೊರಗ ಹಾಕಿದೆ. ಚೀಲದ ತಳದಾಗ ಬರೇ ಹಿಟ್ಟು, ಹುಳ ಬೊಗಸಿಗಟ್ಟಲೆ. ಅವ್ವಗ ಇನ್ನೂ ಹೇಳಿಲ್ಲ.

ಸಿಂಧನೂರು_ಸೋನಾ:
ಆ ಮೀಟರ್ ಯಾವ ಕಂಪನೀದು ಅಂತ ಕೇಳಿ ಹೇಳ್ರಿ.