ಸಹಾಯ ಬೇಕು: ‘ಊರಿಗೇ ನಾಚಿಕೆಗೇಡು’ ಅಂದರೆ ಯಾರಿಗೆ ಬೈದಂತೆ?

ನಮಸ್ಕಾರ. ನಮ್ಮದು ಕಾರವಾರ. ರಾತ್ರಿ ಹೊತ್ತು ಕಡಲತೀರದಲ್ಲಿ ಕೋಳಿ ಅಂಗಡಿ ಕಸ ಸುರಿಯುವವರಿಗೆ ಒಂದು ಬೋರ್ಡ್ ಬರೆಸಬೇಕಿದೆ. ‘ಇದು ಊರಿಗೇ ನಾಚಿಕೆಗೇಡು’ ಅಂತ ಬರೆದೆ. ಊರವರಿಗೆಲ್ಲ ನಾಚಿಕೆ ಇಲ್ಲ ಅಂದಹಾಗಾಯ್ತಲ್ಲ ಅಂತ ಕೆಲವರು ತಕರಾರು ತೆಗೆದರು. (ಕಸದ ಬಗ್ಗೆ ಯಾರೂ ಇಷ್ಟು ಮಾತಾಡಿರಲಿಲ್ಲ!)

ಪರಿಚಯದ ಕನ್ನಡ ಮಾಸ್ತರರನ್ನು ಕೇಳಿದೆ. ನಾಚಿಕೆ, ಕೇಡು ಸೇರುವಾಗ ಕ ಹೋಗಿ ಗ ಬಂದಿದೆ, ‘ಮಳೆಗಾಲ’ದ ಹಾಗೆ ಆದೇಶ ಸಂಧಿ ಅಂದರು. ಅದು ಸರಿ. ಆದರೆ ಕೇಡು ಅಂದರೆ ಹಾಳಾಗುವುದು ಅಲ್ವಾ? ‘ನಾಚಿಕೆಗೇಡಿ’ ಅಂದರೆ ನಾಚಿಕೆ ಬಿಟ್ಟವನು, ನೇರ ಬೈಗುಳ. ಹಾಗಾದರೆ ‘ನಮಗೆ ನಾಚಿಕೆಗೇಡು’ ಅಂದಾಗ ನಾವು ನಾಚಿಕೊಳ್ಳಬೇಕು ಅಂತಲೋ, ನಮಗೆ ನಾಚಿಕೆಯೇ ಇಲ್ಲ ಅಂತಲೋ?

‘ನಾಚಿಕೆಗೇಡಿನ ಕೆಲಸ’ ಅಂತ ಬದಲಿಸಿದರೆ ಮಾತು ಕಸ ಹಾಕಿದವರಿಗೆ ಮಾತ್ರ ತಾಗುತ್ತದಾ? ಬೋರ್ಡಿಗೆ ಯಾವುದು ಬರೆಸಲಿ?